ಗ್ಲ್ಯಾಡಿಸ್ ಮಾವ್ಶಿಯ ಬೇಸ್ ಎಲ್ಲಿ?

"ಎಲ್ಲಿ ಉಂಟು ಮಾರಾಯ್ತಿ? ನನಗೆ ಕೇಳುವುದೇ ಇಲ್ಲ!"

ಶ್ರವಣ್ ಸುಗಂಧಿ ಟೀಚರ ಫೋನಿಗೆ ಕಿವಿ ಅಂಟಿಸಿಕೊಂಡು ನಿಂತಿದ್ದ. ಅವನ ಹಿಂದೆ ಐದನೇ ತರಗತಿಯ ಅರ್ಧ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕೇಳುತ್ತಿದ್ದರು. ಫೋನಿನಲ್ಲಿ ಒಬ್ಬಳು ಹಾಡುತ್ತಿದ್ದಳು: "ಒಂದು ಪೆಪ್ಪರ್‌ಮಿಂಟು, ನಾಲ್ಕು ನಾಲಿಗೆ..."

"ಸರಿಯಾಗಿ ಕೇಳು," ಎಂದಳು ಟೀನಾ. "ಹಾಡುವುದು ಮಾವ್ಶಿಯ ಫ್ರೆಂಡ್. ಅದರ ಅಡಿಯಲ್ಲಿ ದುಂ, ದುಂದುಂ ಅಂತ ಬರ್ತದಲ್ಲ, ಅದು ನನ್ನ ಮಾವ್ಶಿ."

ಶ್ರವಣ್ ಫೋನನ್ನು ತಿರುಗಿಸಿ ನೋಡಿದ. "ಅಡಿಯಲ್ಲಿ ಒಂದು ಬೆಕ್ಕಿನ ಚಿತ್ರ ಉಂಟು. ಬೇರೆ ಎಂತದೂ ಇಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಟೀಚರ್ ಕೂಡ ತುಟಿ ಕಚ್ಚಿ ನಗು ತಡೆದರು. ಟೀನಾಳ ಪಕ್ಕದ ಸೀಟಿನ ನುಸೈಬಾ ಮಾತ್ರ ನಗಲಿಲ್ಲ. ಅವಳು ಪಾಪ, ಕಣ್ಣು ಮುಚ್ಚಿ ಬಹಳ ಪ್ರಯತ್ನಪಟ್ಟು ಕೇಳಿದಳು. ಆಮೇಲೆ ಮೆಲ್ಲಗೆ, "ನನಗೂ ಕೇಳುವುದಿಲ್ಲ ಟೀನಾ," ಎಂದಳು.

ತಪ್ಪು ಟೀನಾಳದ್ದೂ ಇತ್ತು. ಅವಳು ಒಂದು ವಾರದಿಂದ ಎಲ್ಲರ ತಲೆ ತಿಂದಿದ್ದಳು. ನಮ್ಮ ಮಾವ್ಶಿಯ ಸ್ವಂತ ಹಾಡು ಬರ್ತದೆ, ಬೇಸ್ ಗಿಟಾರ್ ನುಡಿಸಿದ್ದು ಮಾವ್ಶಿಯೇ, ಕೇಳಿದರೆ ನೀವೆಲ್ಲ ಬೆಂಚಿನಿಂದ ಕೆಳಗೆ ಬೀಳ್ತೀರಿ ಎಂದೆಲ್ಲ ಹೇಳಿದ್ದಳು. ಈಗ ಹಾಡು ಬಂತು, ಯಾರೂ ಬೆಂಚಿನಿಂದ ಬೀಳಲಿಲ್ಲ. ಬಿದ್ದದ್ದು ಟೀನಾಳ ಮುಖ ಮಾತ್ರ.

"ಬುರುಡೆ ಟೀನಾ!" ಎಂದ ಶ್ರವಣ್. ಗಂಟೆ ಹೊಡೆಯುವಷ್ಟರಲ್ಲಿ ಆ ಹೆಸರು ಕೊನೆಯ ಬೆಂಚಿನವರೆಗೆ ಹೋಗಿ ಮುಟ್ಟಿತು.

ಬೆಳ್ಮಣ್ಣಿನ ಬಸ್ ಸ್ಟಾಪಿನ ಹಿಂದೆಯೇ ಟೀನಾಳ ಮನೆ. ಅವಳು ಗೇಟು ತಳ್ಳಿಕೊಂಡು ಒಳಗೆ ಬಂದಾಗ, ಅಮ್ಮನ ತಂಗಿ ಗ್ಲ್ಯಾಡಿಸ್ ಮಾವ್ಶಿ ಚಾವಡಿಯಲ್ಲಿ ಕುಳಿತು ಬಟ್ಟೆಯಿಂದ ಬೇಸ್ ಗಿಟಾರಿನ ತಂತಿ ಒರೆಸುತ್ತಿದ್ದಳು. ನಾಲ್ಕೇ ತಂತಿ. ಒಂದೊಂದೂ ಬಾವಿಯ ಹಗ್ಗದ ತಮ್ಮನ ಹಾಗೆ ದಪ್ಪ.

"ಹೇಗಾಯ್ತು? ಕ್ಲಾಸಿನಲ್ಲಿ ಕೇಳಿದಿರಾ?"

"ಕೇಳಿದ್ದೇವೆ." ಟೀನಾ ಬ್ಯಾಗನ್ನು ಎಸೆದಳು. "ಎಲ್ಲ ಕೇಳ್ತದೆ, ನಿನ್ನದೊಂದು ಬಿಟ್ಟು. ಹಾಡು ಮಾಡುವಾಗ ಯಾರೋ ನಿನ್ನದನ್ನು ತೆಗೆದು ಹಾಕಿದ್ದಾರೆ!"

ಮಾವ್ಶಿ ಜೋರಾಗಿ ನಕ್ಕಳು. "ಫೋನಿನಲ್ಲಿ ಕೇಳಿದ್ದಾ? ಅದರ ಸ್ಪೀಕರ್ ಎಷ್ಟು ದೊಡ್ಡದು ಗೊತ್ತುಂಟಾ? ನನ್ನ ಉಗುರಿನಷ್ಟು. ಅಷ್ಟು ಸಣ್ಣ ಬಾಯಿಯಿಂದ ಇಷ್ಟು ದಪ್ಪ ಸ್ವರ ಹೇಗೆ ಹೊರಗೆ ಬರುವುದು ಪುಟ್ಟಾ?"

ಅವಳು ತನ್ನ ದೊಡ್ಡ ಹೆಡ್‌ಫೋನನ್ನು ಟೀನಾಳ ಕಿವಿಗೆ ಇಟ್ಟಳು. ಅಗೋ, ಇತ್ತು! ದುಂ, ದುಂದುಂ, ದುಂ. ಪೆಪ್ಪರ್‌ಮಿಂಟಿನ ಹಾಡಿನ ಕೆಳಗೆ ಯಾರೋ ಬರಿಗಾಲಿನಲ್ಲಿ ಅಂಗಳದಲ್ಲಿ ಓಡಾಡುತ್ತಿರುವಂತೆ ಕೇಳಿಸಿತು. ಟೀನಾಳಿಗೆ ಸಂತೋಷವಾಯಿತು, ಮರುಗಳಿಗೆಯೇ ಇನ್ನೂ ಸಿಟ್ಟು ಬಂತು. ಇಷ್ಟು ಚಂದ ಇದ್ದೂ ಕೇಳುವುದಿಲ್ಲವಲ್ಲ!

"ನಾನು ಇದನ್ನು ಎಲ್ಲರ ಕಿವಿಗೆ ಇಡ್ಲಿಕ್ಕೆ ಆಗ್ತದಾ? ನೀನು ಜೋರಾಗಿ ನುಡಿಸು. ಹಾಡನ್ನು ಇನ್ನೊಮ್ಮೆ ಮಾಡು. ಎಲ್ಲಕ್ಕಿಂತ ಜೋರು ನಿನ್ನದೇ ಇರ್ಬೇಕು."

"ಆಗ ಅದು ಹಾಡಾಗುವುದಿಲ್ಲ. ಬೇಸ್ ಇರುವುದು ಹಾಗಲ್ಲ ಟೀನಾ..."

"ಹಾಗಾದರೆ ನೀನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ!"

ಮಾತು ಬಾಯಿಯಿಂದ ಹೊರಗೆ ಬಿದ್ದಾಗಿತ್ತು. ಮಾವ್ಶಿ ಆಗಲೇ ಒರೆಸಿದ್ದ ತಂತಿಯನ್ನು ಪುನಃ ಒರೆಸತೊಡಗಿದಳು. ಅವಳು ಬೈದಿದ್ದರೆ ಟೀನಾಳಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಒಳಗೆ ಅಮ್ಮ ಕಾನ್ಸೆಪ್ಟಾ ದೋಸೆ ಹುಯ್ಯುತ್ತಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು.

"ಅವಳು ಬೇಸ್ ಹಿಡಿದದ್ದು ಹೇಗೆ ಗೊತ್ತುಂಟಾ?" ಎಂದು ತಟ್ಟೆಗೆ ದೋಸೆ ಹಾಕುತ್ತ ಕೇಳಿದರು. "ಹದಿನಾಲ್ಕು ವರ್ಷದವಳು, ಇಗರ್ಜಿಯಲ್ಲಿ ಪೂಜೆಗೆ ಹಾಡುವ ಕೊಯರಿನಲ್ಲಿ ಗಿಟಾರ್ ನುಡಿಸ್ತೇನೆ ಅಂತ ಹೋದಳು. ಗಿಟಾರೆಲ್ಲ ಹುಡುಗರ ಕೈಯಲ್ಲಿ. ಮೂಲೆಯಲ್ಲಿ ಇದೊಂದು ಧೂಳು ತಿನ್ನುತ್ತಾ ಇತ್ತು. ಬೇಕಾದರೆ ಅದು ತಗೋ ಅಂದರು. ಎರಡು ವಾರ ಮುಖ ಊದಿಸಿಕೊಂಡು ನುಡಿಸಿದಳು. ಮೂರನೇ ವಾರ ಒಬ್ಬ ಹುಡುಗ ಗಿಟಾರ್ ಕೊಡ್ತೇನೆ ಅಂತ ಬಂದ. ಇವಳು ಬೇಡ ಅಂದಳು."

"ಯಾಕೆ?"

"ನನಗೂ ಗೊತ್ತಿಲ್ಲ. ಮನೆಯಲ್ಲಿ ಸ್ಪೀಕರ್ ಇರಲಿಲ್ಲ. ಗಿಟಾರಿನ ತಲೆಯನ್ನು ಆ ಮರದ ಕಪಾಟಿಗೆ ಒತ್ತಿ ಹಿಡಿದು ನುಡಿಸ್ತಿದ್ದಳು. ಇಡೀ ಕಪಾಟು ಗುಂಯ್ ಅಂತಿತ್ತು. ಅದರೊಳಗಿನ ಸೀರೆಗಳಿಗೆಲ್ಲ ಸಂಗೀತ ಬರ್ತದೆ ಈಗ!"

ಟೀನಾಳಿಗೆ ನಗು ಬಂತು, ಆದರೆ ದೋಸೆಯನ್ನು ಹರಿದು ಹರಿದು ತಟ್ಟೆಯಲ್ಲೇ ಬಿಟ್ಟಳು. ಮಾವ್ಶಿ ವಾರವಿಡೀ ಕಾರ್ಕಳದಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಾಳೆ. ಮದುವೆಯ ಸೀಸನ್ನಿನಲ್ಲಿ ಬೇರೆಯವರ ಬ್ಯಾಂಡಿನಲ್ಲಿ ಬೇರೆಯವರ ಹಾಡು ನುಡಿಸುತ್ತಾಳೆ. ಉಳಿದ ಚೂರುಪಾರು ಹೊತ್ತಿನಲ್ಲಿ, ಯಾವ ಕಂಪನಿಯ ಸಹಾಯವೂ ಇಲ್ಲದೆ, ತನ್ನ ಕೋಣೆಯಲ್ಲೇ ಕುಳಿತು ಈ ಒಂದು ಹಾಡನ್ನು ಮಾಡಿದ್ದಳು. ಅದಕ್ಕೆ ಎರಡು ವರ್ಷ ಹಿಡಿದಿತ್ತು. ಅಂಥವಳಿಗೆ ತಾನು ಏನು ಹೇಳಿಬಿಟ್ಟೆ!

ಅಷ್ಟರಲ್ಲಿ ತಟ್ಟೆಯ ಪಕ್ಕದ ಲೋಟದಲ್ಲಿ ನೀರು ನಡುಗಿತು. ಕಿಟಕಿಯ ಸರಳು ಜುಂಯ್ ಎಂದಿತು. ಕಾರ್ಕಳದಿಂದ ಉಡುಪಿಗೆ ಹೋಗುವ ಉಮಾನಾಥಣ್ಣನ ಬಸ್ಸು! ಆ ಬಸ್ಸಿನ ಕೊನೆಯ ಸೀಟಿನ ಅಡಿಯಲ್ಲಿ ದಪ್ಪ ಸ್ವರ ಹೊರಡಿಸುವ ಎರಡು ದೊಡ್ಡ ವೂಫರ್ ಸ್ಪೀಕರ್ ಇದ್ದವು. ಬಸ್ಸು ತಿರುವಿನಲ್ಲಿ ಕಾಣಿಸುವ ಮೊದಲೇ ಅದರ ಡುಂ ಡುಂ ಊರೊಳಗೆ ಬಂದಿರುತ್ತಿತ್ತು.

ಟೀನಾ ಕೈ ತೊಳೆಯದೆಯೇ ಚಾವಡಿಗೆ ಓಡಿದಳು. "ಮಾವ್ಶಿ, ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಕೊಡ್ತೀಯಾ?"

"ಯಾಕೆ?"

"ಒಂದು ಕೆಲಸ ಉಂಟು."

ಮಾವ್ಶಿ ಅವಳ ಮುಖವನ್ನು ಒಮ್ಮೆ ನೋಡಿದಳು. ಮತ್ತೇನೂ ಕೇಳದೆ ಹಾಕಿ ಕೊಟ್ಟಳು.

ಮರುದಿನ ಶನಿವಾರ, ಶಾಲೆ ಮಧ್ಯಾಹ್ನದವರೆಗೆ. ಶನಿವಾರ ಮಾವ್ಶಿ ಮಣಿಪಾಲಕ್ಕೆ ಪ್ರಾಕ್ಟೀಸಿಗೆ ಹೋಗುವ ದಿನ. ಟೀನಾಳನ್ನೂ ಕರೆದುಕೊಂಡು ಹೋಗುವುದು ರೂಢಿ. ನಂದಿಕೂರಿನ ಶ್ರವಣ್, ಉಚ್ಚಿಲದ ನುಸೈಬಾ ಮತ್ತು ಇನ್ನೂ ಹತ್ತು ಹದಿನೈದು ಮಕ್ಕಳು ಮನೆಗೆ ಹೋಗುವುದು ಅದೇ ಉಮಾನಾಥಣ್ಣನ ಬಸ್ಸಿನಲ್ಲಿ.

ಮಾವ್ಶಿ ಬೆನ್ನಿಗೆ ಗಿಟಾರಿನ ಕಪ್ಪು ಚೀಲ ಹಾಕಿಕೊಂಡು ಹತ್ತಿದಳು. ಚೀಲ ಅವಳಿಗಿಂತಲೂ ಎತ್ತರ. ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿ, "ಇವರು ಎಲ್ಲಿ ಇಳಿಯುವುದು?" ಎಂದು ಕೇಳಿದ. ಮಾವ್ಶಿ ನಗುತ್ತ ಹೋಗಿ ಕಿಟಕಿಯ ಪಕ್ಕ ಕುಳಿತಳು. ಆ ಗಲಾಟೆಯಲ್ಲಿ ಟೀನಾ ಡ್ರೈವರ್ ಸೀಟಿನ ಹಿಂದೆ ನುಸುಳಿದಳು.

"ಉಮಾನಾಥಣ್ಣ, ಇದನ್ನೊಂದು ಹಾಕ್ತೀರಾ? ಬೇಸ್ ಫುಲ್ ಇಡಿ. ಫುಲ್ಲೆಂದರೆ ಫುಲ್!"

ಉಮಾನಾಥಣ್ಣನಿಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಇರಲಿಲ್ಲ. ದಿನಾ ಯಾರಾದರೂ ಸೌಂಡು ಕಮ್ಮಿ ಮಾಡಿ ಎಂದು ಹೇಳುವವರೇ. "ಫುಲ್ ಬೇಕಾ? ಇಕೊ ನೋಡು!" ಎಂದು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

ದುಂ!

ಕಿಟಕಿಯ ಗಾಜುಗಳೆಲ್ಲ ಗಡಗಡ ಎಂದವು. ದುಂದುಂ! ಶ್ರವಣನ ಟಿಫಿನ್ ಡಬ್ಬಿಯೊಳಗೆ ಚಮಚ ಕುಣಿಯಿತು. ಕಂಬ ಹಿಡಿದು ನಿಂತಿದ್ದ ನುಸೈಬಾ ಕಿಸಕಿಸ ನಕ್ಕು, "ಕೈಗೆ ಕಚಗುಳಿ ಆಗ್ತದೆ!" ಎಂದು ಕಿರುಚಿದಳು.

"ಇದೇ ನನ್ನ ಮಾವ್ಶಿ!" ಟೀನಾಳೂ ಕಿರುಚಿದಳು. "ಈಗ ಕೇಳ್ತದಾ ಶ್ರವಣ್?"

"ಕೇಳ್ತದೆ, ಕೇಳ್ತದೆ! ನನ್ನ ಹೊಟ್ಟೆಯೊಳಗೆಲ್ಲ ಕೇಳ್ತದೆ!"

ಮಕ್ಕಳೆಲ್ಲ "ಬೇಸ್! ಬೇಸ್!" ಎಂದು ಕೂಗಿದರು. ಟೀನಾಳಿಗೆ ಬಸ್ಸಿನ ಛಾವಣಿಯವರೆಗೆ ಹಾರಬೇಕೆನಿಸಿತು. ಗೆದ್ದೆ! ಇನ್ನು ಯಾರು ಹೇಳುತ್ತಾರೆ ಬುರುಡೆ ಎಂದು?

ಅವಳು ಮಾವ್ಶಿಯ ಕಡೆ ತಿರುಗಿದಳು. ಮಾವ್ಶಿಯ ಮುಖ ತುಂಬ ನಗು ಇರುತ್ತದೆ ಎಂದುಕೊಂಡಿದ್ದಳು. ಆದರೆ ಮಾವ್ಶಿ ಹುಳಿ ಬಿಂಬುಳಿ ಕಚ್ಚಿದವಳ ಹಾಗೆ ಮುಖ ಕಿವುಚಿಕೊಂಡು ಕುಳಿತಿದ್ದಳು.

ಮುಂದಿನ ಸೀಟಿನಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಹಿಡಿದುಕೊಂಡಿದ್ದ ಅಜ್ಜಿಯೊಬ್ಬರು ಹಿಂದೆ ತಿರುಗಿದರು. "ಎಂತ ಪದ ಮಗಾ ಇದು? ಹುಡುಗಿ ಎಂತ ಹೇಳ್ತಾಳೆ ಅಂತ ಒಂದಕ್ಷರ ಗೊತ್ತಾಗುವುದಿಲ್ಲ. ಪಾಪ, ಅವಳನ್ನು ಯಾರೋ ಡ್ರಮ್ಮಿನೊಳಗೆ ಮುಚ್ಚಿ ಹಾಕಿದ ಹಾಗೆ ಉಂಟು."

ಟೀನಾ ಕಿವಿಗೊಟ್ಟು ಕೇಳಿದಳು. ಹೌದು, ಪೆಪ್ಪರ್‌ಮಿಂಟೂ ಇಲ್ಲ, ನಾಲಿಗೆಯೂ ಇಲ್ಲ. ಬರೀ ದುಂ ದುಂ. ಹಾಡೇ ಕಾಣೆ.

ಮಾವ್ಶಿ ಎದ್ದಳು. ಸೀಟಿನ ಸರಳು ಹಿಡಿಯುತ್ತ ಹಿಡಿಯುತ್ತ ಮುಂದೆ ಹೋದಳು. "ಅಣ್ಣ, ಒಂದು ನಿಮಿಷ. ಇದು ನನ್ನ ಹಾಡು. ಸ್ವಲ್ಪ ಸರಿ ಮಾಡಲಾ?"

"ನಿಮ್ಮದಾ!" ಉಮಾನಾಥಣ್ಣ ಆಶ್ಚರ್ಯದಿಂದ ಹಾರ್ನನ್ನೇ ಒತ್ತಿಬಿಟ್ಟ. "ಮಾಡಿ, ಮಾಡಿ."

ಮಾವ್ಶಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ತಲೆ ವಾಲಿಸಿ ಕೇಳಿದಳು. ಇನ್ನೊಂದು ಚೂರು ತಿರುಗಿಸಿದಳು. ಅಮ್ಮ ಸಾರಿನ ರುಚಿ ನೋಡಿ ಉಪ್ಪು ಹಾಕುವಾಗಲೂ ಇಷ್ಟು ಯೋಚಿಸುವುದಿಲ್ಲ. ಕೊನೆಗೆ "ಇಷ್ಟು ಸಾಕು" ಎಂದು ಹಾಡನ್ನು ಮೊದಲಿನಿಂದ ಹಾಕಿ, ತನ್ನ ಸೀಟಿಗೆ ಬಂದು ಕುಳಿತಳು. ಟೀನಾಳೂ ಮೆಲ್ಲಗೆ ಪಕ್ಕಕ್ಕೆ ಬಂದಳು.

"ಮಾವ್ಶಿ, ಸಾರಿ."

"ಬೇಸ್ ಜಾಸ್ತಿ ಮಾಡಿಸಿದ್ದಕ್ಕಾ?"

"ಅದಕ್ಕೂ. ನಿನ್ನೆ ಹೇಳಿದ್ದಕ್ಕೂ."

ಮಾವ್ಶಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವಳ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದವು. ಟೀನಾಳಿಗೆ ಒಳಗೊಳಗೇ ಅಳು ಬಂದ ಹಾಗಾಯಿತು, ಹಗುರವೂ ಆಯಿತು.

"ಒಂದು ಪೆಪ್ಪರ್‌ಮಿಂಟು, ನಾಲ್ಕು ನಾಲಿಗೆ..." ಈಗ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಅಜ್ಜಿ ನಕ್ಕು, "ಹೌದು ಮಗಾ, ನಾವೂ ಹಾಗೆಯೇ ಚೀಪಿದ್ದು," ಎಂದರು.

"ಹೋಯ್ತು!" ಆಚೆಯ ಸೀಟಿನಿಂದ ಶ್ರವಣ್ ಕೂಗಿದ. "ಪುನಃ ನಿನ್ನ ಮಾವ್ಶಿ ಕೇಳುವುದೇ ಇಲ್ಲ!"

ಟೀನಾ ಸಿಟ್ಟಿನಿಂದ ಅವನ ಕಡೆ ತಿರುಗಿದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಅವಳ ಕಣ್ಣು ಅವನ ಬೂಟಿನ ಮೇಲೆ ಬಿತ್ತು.

ಶ್ರವಣನ ಬಲಗಾಲು ಬಸ್ಸಿನ ನೆಲಕ್ಕೆ ತಟ್ಟುತ್ತಿತ್ತು. ದುಂ, ದುಂದುಂ, ದುಂ. ಸ್ವಲ್ಪವೂ ತಪ್ಪಿಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ.

ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿಯ ಬೆರಳು ಮಲ್ಲಿಗೆಯ ಕಟ್ಟಿನ ಮೇಲೆ ದುಂ, ದುಂದುಂ. ಕಂಡಕ್ಟರನ ತಲೆ, ನುಸೈಬಾಳ ಭುಜ, ಸ್ಟೀರಿಂಗಿನ ಮೇಲೆ ಉಮಾನಾಥಣ್ಣನ ಹೆಬ್ಬೆರಳು. ಎಲ್ಲರೂ ಹುಡುಗಿಯ ಹಾಡನ್ನೇ ಕೇಳುತ್ತಿದ್ದರು, ಮಾವ್ಶಿಯನ್ನು ಒಬ್ಬರೂ ಕೇಳುತ್ತಿರಲಿಲ್ಲ. ಆದರೆ ಇಡೀ ಬಸ್ಸು ಮಾವ್ಶಿಯ ಬೆರಳಿನಲ್ಲಿ ಕುಣಿಯುತ್ತಿತ್ತು.

ಟೀನಾ ಮಾವ್ಶಿಯ ಮುಖ ನೋಡಿದಳು. ಮಾವ್ಶಿಯೂ ಶ್ರವಣನ ಬೂಟನ್ನೇ ನೋಡುತ್ತಿದ್ದಳು. ಅವಳು ಸದ್ದಿಲ್ಲದೆ ನಗುತ್ತಿದ್ದಳು.

"ಎಂತ, ಮಾತೇ ಇಲ್ಲ?" ಎಂದ ಶ್ರವಣ್. "ಕೇಳುವುದಿಲ್ಲ ಅಲ್ವಾ?"

ಹೇಳಿದರೆ ಅವನ ಕಾಲು ನಿಂತುಬಿಡುತ್ತದೆ ಎಂದು ಟೀನಾಳಿಗೆ ಹೊಳೆಯಿತು.

"ಇಲ್ವಾ?" ಎಂದಳು. "ಇರಲಿ ಬಿಡು ಮಾರಾಯ."

ಶ್ರವಣ್ ಇಳಿಯುವ ನಂದಿಕೂರು ಇನ್ನೂ ಎರಡು ಸ್ಟಾಪು ದೂರವಿತ್ತು. ಟೀನಾ ಮಾವ್ಶಿಯ ಭುಜಕ್ಕೆ ಒರಗಿ, ಅಷ್ಟು ದೂರವೂ ಆ ಬೂಟನ್ನೇ ನೋಡುತ್ತ ಕುಳಿತಳು.