ಮೌನಿ ಮತ್ತು ಟ್ಯೂನಾ ಡಬ್ಬಿ

"ಯಾರ್ರೀ ಅದು? ಇಂಜಿನ್ ಆಫ್ ಮಾಡಿ."

ಬಸ್ಸಿನ ಅಡಿಯಿಂದ ಬಂದ ಆ ದನಿಗೆ ಅವಳು ಬೆಚ್ಚಿದಳು. ಕೀಲಿ ತಿರುಗಿಸಿ ಡ್ರೈವರ್ ಸೀಟಿನಿಂದ ಕೆಳಗೆ ಹಾರಿದಳು. ಮುಂದಿನ ಚಕ್ರದ ಪಕ್ಕದಿಂದ ಮೊದಲು ಎರಡು ಬೂಟು, ಆಮೇಲೆ ಎಣ್ಣೆ ಮೆತ್ತಿದ ಅಂಗಿ, ಕೊನೆಗೆ ಮಸಿ ಬಳಿದುಕೊಂಡ ಒಂದು ಮುಖ ಹೊರಗೆ ಬಂತು.

"ಕೆಳಗೆ ಮನುಷ್ಯ ಇದ್ದಾನೆ ಅಂತ ಒಂದು ಬೋರ್ಡ್ ಹಾಕಬಾರದಾ?" ಭಯಕ್ಕೆ ಅವಳ ಮಾತು ಜಗಳದಂತೆ ಕೇಳಿಸಿತು.

ಅವನು ಸ್ಟೀರಿಂಗಿನ ಕಡೆ ಬೆರಳು ತೋರಿಸಿದ. ಅಲ್ಲಿ ಕೆಂಪು ಬೋರ್ಡು ತೂಗುತ್ತಿತ್ತು. ಅದನ್ನು ಪಕ್ಕಕ್ಕೆ ಸರಿಸಿಯೇ ಅವಳು ಕೀಲಿ ತಿರುಗಿಸಿದ್ದಳು.

"ಅಯ್ಯೋ... ತಪ್ಪಾಯ್ತು."

"ಪರವಾಗಿಲ್ಲ ಮೇಡಂ. ಬದುಕಿದ್ದೀನಲ್ಲ."

ಹೀಗೆ ಶುರುವಾಯಿತು ಅವರಿಬ್ಬರ ಪರಿಚಯ.

ಡಿಪೋದಲ್ಲಿ ಎಲ್ಲರೂ ಆ ಮೆಕ್ಯಾನಿಕ್‌ನನ್ನು ಮೌನಿ ಎನ್ನುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಕೊಟ್ಟಾನು, ಕೇಳದ್ದನ್ನು ಬಾಯಿಬಿಟ್ಟು ಹೇಳಲಾರ. ಅವಳೋ, ಮನೆಯಲ್ಲಿ ಚಿಕ್ಕಮ್ಮನಿಗೆ ಪುಟ್ಟಿ, ಡಿಪೋದಲ್ಲಿ ಅರಳು ಹುರಿದಂತೆ ಮಾತಾಡುವ ಡ್ರೈವರ್ ಮೇಡಂ. ಅವಳು ಹತ್ತು ಮಾತಾಡಿದರೆ ಅವನು ಒಂದು ಆಡುತ್ತಿದ್ದ. ಆದರೂ ಪಾಳಿ ಮುಗಿದ ಮೇಲೆ ಚಹಾ ಕುಡಿಯುವಾಗ ಆ ಒಂದು ಮಾತಿಗಾಗಿ ಅವಳು ಕಾಯತೊಡಗಿದಳು. ಹಾಗೆ ಕಾಯುತ್ತಿರುವುದು ಅವಳಿಗೇ ಸೋಜಿಗ. 'ಇದೇನಾಗಿದೆ ನನಗೆ...' ಎಂದುಕೊಳ್ಳುತ್ತಲೇ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಆಮೇಲೆ ಆ ಬೆಳಿಗ್ಗೆ ಬಂತು.

ಗ್ರಂಥಾಲಯದ ತಿರುವಿನಲ್ಲಿ ವಯಸ್ಸಾದ ಒಬ್ಬರು ಸೈಕಲ್ ಸಮೇತ ಅವಳ ಬಸ್ಸಿನ ಮುಂದೆ ಜಾರಿ ಬಿದ್ದರು. ಬಸ್ಸು ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗಿ ನಿಂತಿತು. ಹಿರಿಯರ ಜೀವ ಉಳಿಯಿತು, ಆದರೆ ಬಿದ್ದ ರಭಸಕ್ಕೆ ಕಾಲು ಮುರಿಯಿತು. ವಿಚಾರಣೆ ಮುಗಿಯುವವರೆಗೆ ಬಸ್ಸು ಮುಟ್ಟಬಾರದೆಂದು ಡಿಪೋದವರು ಅವಳನ್ನು ಮನೆಗೆ ಕಳಿಸಿದರು.

ವಿಚಾರಣೆಯ ದಿನ ಬಸ್ಸನ್ನು ಪರೀಕ್ಷಿಸಿದ್ದ ಮೌನಿಯನ್ನು ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ.

"ಬ್ರೇಕ್ ಹೇಗಿತ್ತು?"

"ಸರಿಯಾಗಿತ್ತು ಸಾರ್."

ಅಷ್ಟೇ. ಅವನು ಕುಳಿತುಬಿಟ್ಟ.

ಎದುರು ಬೆಂಚಿನಲ್ಲಿದ್ದ ಪುಟ್ಟಿಗೆ ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಯಿತು. ಬ್ರೇಕ್ ಸರಿಯಾಗಿತ್ತು ಅಂದರೆ ತಪ್ಪು ಯಾರದು? ನನ್ನದೇ ಅಲ್ಲವೇ? ಅವಳು ಯಾರ ಮುಖವನ್ನೂ ನೋಡದೆ ಎದ್ದು ಬಂದಳು. ಅವನ ಫೋನ್ ಎತ್ತುವುದನ್ನು ಬಿಟ್ಟಳು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಕೆಳಗಿನ ರಸ್ತೆಯಲ್ಲಿ ಬಸ್ಸಿನ ಸದ್ದಾದರೆ ಕಿಟಕಿಗೆ ಓಡುತ್ತಿದ್ದಳು, ಬಸ್ಸು ಕಾಣುತ್ತಲೇ ಪರದೆ ಎಳೆದುಬಿಡುತ್ತಿದ್ದಳು. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

ಚಿಕ್ಕಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವವಳು. ಅಕ್ಕ ತೀರಿಹೋದ ಮೇಲೆ ಅವಳ ಮಗಳು ಪುಟ್ಟಿಯನ್ನು ಸಾಕಿ ಬೆಳೆಸಿದವಳು. ಒಂದು ಮಧ್ಯಾಹ್ನ ಚಿಕ್ಕಮ್ಮ ಕೆಲಸಕ್ಕೆ ಹೊರಟು ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮೌನಿ ನಿಂತಿದ್ದ. ಗಂಟೆ ಒತ್ತಲು ಎತ್ತಿದ ಕೈ ಹಾಗೇ ಇತ್ತು.

"ನೀನೇನಾ ಆ ಮಾತು ಬಾರದ ಹುಡುಗ?" ಚಿಕ್ಕಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಳಗೆ ಹುಲಿ ಇದೆ, ಜೋಪಾನ. ನಿನ್ನೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಅದಕ್ಕೇ ಕಚ್ಚೋದು ಜಾಸ್ತಿ. ಬಾಗಿಲು ತೆರೆದೇ ಇಟ್ಟಿರು."

ಮೌನಿ ಅಡುಗೆಮನೆಯ ಬಾಗಿಲಲ್ಲಿ ನಿಂತ.

ಪುಟ್ಟಿ ಕಪಾಟು ಬರಿದು ಮಾಡುತ್ತಿದ್ದಳು. ಮನೆಗೆ ಸಾಮಾನು ತರುವವಳು ಅವಳೇ; ಹೊರಗೆ ಹೋಗದೆ ಉಳಿದದ್ದು ಇಷ್ಟೇ. ಒಂದು ಟ್ಯೂನಾ ಮೀನಿನ ಡಬ್ಬಿ, ಬೆಂದ ಕಡಲೆಯ ಇನ್ನೊಂದು ಡಬ್ಬಿ, ತಳ ಕಂಡ ಮೇಯನೇಸ್ ಬಾಟಲಿ, ವಿನೆಗರ್‌ನಲ್ಲಿ ನೆನೆಹಾಕಿದ ಸೌತೆಕಾಯಿ, ಒಂದು ಈರುಳ್ಳಿ, ಒಣಗುತ್ತಿದ್ದ ನಿಂಬೆಹಣ್ಣು.

"ಯಾಕೆ ಬಂದ್ರಿ?" ತಿರುಗದೆಯೇ ಕೇಳಿದಳು. "ಬ್ರೇಕ್ ಸರಿಯಾಗಿತ್ತು ಅಂತ ಇನ್ನೊಂದು ಸಲ ಹೇಳೋಕಾ?"

"ಹೌದು."

ಅವಳ ಕೈಯಲ್ಲಿದ್ದ ಟ್ಯೂನಾ ಡಬ್ಬಿಯ ಮುಚ್ಚಳ ಎಳೆಯುವ ಉಂಗುರ ಪಟ್ಟನೆ ಕಿತ್ತುಬಂತು. ಮುಚ್ಚಳ ಮಾತ್ರ ಅಲುಗಲಿಲ್ಲ.

'ಈ ಡಬ್ಬಿಗೂ ನನ್ನ ಮೇಲೇ ಹಗೆ...' ಅವಳ ಕಣ್ಣು ತುಂಬಿತು. ಅಷ್ಟು ದಿನ ಬಾರದ ಅಳು ಒಂದು ಮೀನಿನ ಡಬ್ಬಿಗೆ ಬಂದುಬಿಟ್ಟಿತು.

ಮೌನಿ ಮೆಲ್ಲಗೆ ಡಬ್ಬಿ ತೆಗೆದುಕೊಂಡ. ಜೇಬಿನಿಂದ ಇಕ್ಕಳ ಹೊರತೆಗೆದ.

"ಅದನ್ನ ಬಸ್ಸಿಗೆ ಹಾಕಿದ್ದೀರಿ. ಮೊದಲು ತೊಳೀರಿ," ಮೂಗೊರೆಸಿಕೊಳ್ಳುತ್ತಲೇ ಹೇಳಿದಳು.

ಅವನು ಸೋಪು ಹಚ್ಚಿ, ಬಿಸಿನೀರಿನಲ್ಲಿ ಇಕ್ಕಳ ತೊಳೆದ. ಕೈಯನ್ನೂ ತೊಳೆದ. ಮುಚ್ಚಳದ ಅಂಚು ಹಿಡಿದು ಸುರುಳಿ ಸುತ್ತಿದಂತೆ ತೆಗೆದು, ಎಣ್ಣೆ ಬಸಿದು ಮೀನನ್ನು ಬಟ್ಟಲಿಗೆ ಹಾಕಿದ. ಅವಳು ಈರುಳ್ಳಿ ಹೆಚ್ಚತೊಡಗಿದಳು. ಕಣ್ಣೀರಿಗೆ ಅದೊಂದು ನೆಪವೂ ಆಯಿತು.

"ಕಡಲೆ ನೀರು ಚೆಲ್ಲಿ. ಸೌತೆಕಾಯಿ ಸಣ್ಣಗೆ ಹೆಚ್ಚಿ... ಅಷ್ಟು ಸಣ್ಣಗಲ್ಲ."

ಅವನು ಹೇಳಿದಂತೆ ಮಾಡಿದ. ಬಾಟಲಿಯೊಳಗೆ ಚಮಚ ಇಳಿಸಿ, ಒಳಬದಿಗೆ ಅಂಟಿದ ಮೇಯನೇಸ್ ಕೆರೆದು ಹಾಕಿ, ಎಲ್ಲವನ್ನೂ ಗಟ್ಟಿಯಾಗಿ ಕಲಸತೊಡಗಿದ.

"ಗ್ರೀಸ್ ಅಲ್ಲ ಅದು, ಮುದ್ದೆಯಾಗುತ್ತೆ. ಹಗುರವಾಗಿ ತಿರುವಿ."

ಚಮಚ ನಿಧಾನವಾಯಿತು. ಅವಳು ನಿಂಬೆ ಹಿಂಡಿದಳು, ಉಪ್ಪು ಉದುರಿಸಿದಳು. ಮೆಣಸಿನ ಪುಡಿಗೆ ಕೈ ಚಾಚಿದವಳು ತಡೆದು ನಿಂತಳು.

"ಒಂದು ವಿಷಯ ಯಾರಿಗೂ ಹೇಳಿಲ್ಲ," ಎಂದಳು. ದನಿ ಅವಳದೇ ಎಂದು ಅವಳಿಗೇ ಅನಿಸಲಿಲ್ಲ. "ಅವತ್ತು ಬಸ್ ಓಡಿಸ್ತಾ ನನ್ನ ಮನಸ್ಸು ರಸ್ತೆ ಮೇಲೆ ಇರ್ಲಿಲ್ಲ. ನಿಮ್ಮ ಬಗ್ಗೆ ಯೋಚಿಸ್ತಿದ್ದೆ. ಸಂಜೆ ಚಹಾಕ್ಕೆ ಸಿಗ್ತೀರೋ ಇಲ್ವೋ ಅಂತ... ನಗ್ತಾ ಇದ್ದೆ ಕೂಡ. ಅಷ್ಟರಲ್ಲಿ ಅವರು ಮುಂದೆ ಬಿದ್ರು. ಹಾಗಿದ್ಮೇಲೆ ತಪ್ಪು ನನ್ನದೇ ತಾನೆ? ನೀವು 'ಸರಿಯಾಗಿತ್ತು' ಅಂದಾಗ ನನ್ನೊಳಗಿನದೆಲ್ಲ ನಿಮಗೆ ಗೊತ್ತಾಗಿದೆ ಅನ್ನಿಸ್ತು."

ಮೌನಿ ಚಮಚ ಕೆಳಗಿಟ್ಟ. ಅವಳು ಅವನ ಕಡೆ ತಿರುಗಿದಳು.

"ಏನಾದರೂ ಹೇಳಿ. ಬೈಯಿರಿ ಬೇಕಾದ್ರೆ."

"ನಾನು ಆ ತಿರುವಿಗೆ ಹೋಗಿದ್ದೆ," ಅವನು ಹೇಳಿದ. "ನಿಮ್ಮ ಟೈರಿನ ಗುರುತು ಇನ್ನೂ ಇದೆ. ಸೈಕಲ್ ಜಾರಿದ ಗೀರೂ ಇದೆ. ಟೈರಿನ ಗುರುತು ಆ ಗೀರಿಗಿಂತ ಬಹಳ ಹಿಂದಿನಿಂದ ಶುರುವಾಗಿದೆ. ಅಂದ್ರೆ ಅವರು ಜಾರೋಕೆ ಶುರು ಮಾಡಿದಾಗಲೇ ನೀವು ಬ್ರೇಕ್ ಒತ್ತಿದ್ರಿ. ಸ್ವಲ್ಪ ತಡ ಆಗಿದ್ರೂ ಬಸ್ಸು ಅವರ ಮೇಲೆ ಹೋಗ್ತಿತ್ತು."

ಅವಳು ಅವನನ್ನೇ ನೋಡಿದಳು. ಇಷ್ಟು ಮಾತನ್ನು ಅವನ ಬಾಯಿಂದ ಎಂದೂ ಕೇಳಿರಲಿಲ್ಲ.

"ಮನಸ್ಸು ಎಲ್ಲಿತ್ತೋ ನನಗೆ ಗೊತ್ತಿಲ್ಲ ಮೇಡಂ. ಕಾಲು ಮಾತ್ರ ಬ್ರೇಕ್ ಮೇಲೇ ಇತ್ತು. ಬ್ರೇಕ್ ಸರಿಯಾಗಿತ್ತು, ಒತ್ತಿದವರೂ ಸರಿಯಾಗಿದ್ರು. ವಿಚಾರಣೆ ದಿನ ಈ ಎರಡನೇ ಮಾತು ಹೇಳ್ಲಿಲ್ಲ. ಅಧಿಕಾರಿ ಕೇಳ್ಲಿಲ್ಲ ಅಂತ ಸುಮ್ಮನೆ ಕೂತೆ. ಆಮೇಲೆ ನೀವು ಎದ್ದು ಹೋಗಿದ್ದು ನೋಡಿ, ನನ್ನ ಬಾಯಿಗೆ ನಾನೇ ಹೊಡ್ಕೋಬೇಕು ಅನ್ನಿಸ್ತು."

"ಆಮೇಲೆ?"

"ಅಧಿಕಾರೀನ ಅಲ್ಲಿಗೇ ಕರ್ಕೊಂಡು ಹೋಗಿ ತೋರಿಸಿದೆ. ಆಸ್ಪತ್ರೆಗೂ ಹೋದ್ವಿ. ಆ ಹಿರಿಯರು ಗೋಡೆ ಹಿಡ್ಕೊಂಡು ನಡೀತಿದ್ದಾರೆ. 'ಜಾರಿದ್ದು ನಾನು, ಉಳಿಸಿದ್ದು ಆ ಹುಡುಗಿ. ಅವಳನ್ನ ಯಾಕೆ ಮನೇಲಿ ಕೂರಿಸಿದ್ದೀರಿ?' ಅಂತ ಅಧಿಕಾರಿಗೇ ಗದರಿದ್ರು. ನಾಳೆ ನಿಮ್ಮನ್ನ ಕೆಲಸಕ್ಕೆ ಕರೀತಾರೆ."

ಪುಟ್ಟಿ ಪಕ್ಕದ ಸ್ಟೂಲು ಎಳೆದುಕೊಂಡು ಕುಳಿತಳು. ಅವರು ನಡೆಯುತ್ತಿದ್ದಾರೆ... ಅದೊಂದೇ ಮಾತು ಅವಳೊಳಗೆ ಸುತ್ತುತ್ತಿತ್ತು.

ಅವನು ಸಲಾಡ್ ಅನ್ನು ತಟ್ಟೆಗೆ ಹಾಕಿ ಅವಳ ಮುಂದಿಟ್ಟ. ಅವಳು ಒಂದು ಚಮಚ ಬಾಯಿಗಿಟ್ಟಳು. ಮೀನಿನ ಉಪ್ಪು, ನಿಂಬೆಯ ಹುಳಿ, ಈರುಳ್ಳಿಯ ಖಾರ. ಹಸಿವು ಅದೆಲ್ಲಿ ಅಡಗಿತ್ತೋ, ತಟ್ಟೆ ಅರ್ಧ ಬರಿದಾಗುವವರೆಗೂ ಅವಳು ತಲೆ ಎತ್ತಲಿಲ್ಲ.

"ನೀವೂ ತಿನ್ನಿ," ಎಂದು ತಟ್ಟೆಯನ್ನು ಇಬ್ಬರ ನಡುವೆ ಸರಿಸಿದಳು.

ಅವನು ತಿಂದ. "ಬ್ರೆಡ್ ಇದ್ದಿದ್ರೆ ಚೆನ್ನಾಗಿರ್ತಿತ್ತು."

"ಮನೇಲಿಲ್ಲ. ಅಂಗಡಿ ಬೀದಿ ಕೊನೇಲಿದೆ." ಹೇಳಿದ ಮೇಲೆ ಅವಳು ಬಾಗಿಲ ಕಡೆ ನೋಡಿದಳು. ಚಿಕ್ಕಮ್ಮ ಹೇಳಿದಂತೆ ಅದು ತೆರೆದೇ ಇತ್ತು. "ನಾನು... ಇಷ್ಟು ದಿನ ಹೊರಗೆ ಹೋಗಿಲ್ಲ."

"ನಾನು ತರ್ಲಾ?"

ಅವಳು ಯೋಚಿಸಿದಳು. ತಟ್ಟೆಯ ಮೇಲೆ ಇನ್ನೊಂದನ್ನು ಕವುಚಿಟ್ಟಳು. "ಬೇಡ. ಇಬ್ಬರೂ ಹೋಗೋಣ."

ಬೀದಿಯ ಬಿಸಿಲು ಕಣ್ಣು ಕುಕ್ಕಿತು. ರಸ್ತೆ ದಾಟುವ ಕಡೆ ಒಂದು ಬಸ್ಸು ಬಂದು ನಿಂತು, ಜನರನ್ನು ಇಳಿಸಿ ಮುಂದೆ ಹೋಯಿತು. ಅವಳ ಕೈ ತನಗೇ ತಿಳಿಯದಂತೆ ಅವನ ತೋಳು ಹಿಡಿದಿತ್ತು. ಬಸ್ಸು ಮರೆಯಾದ ಮೇಲೂ ಬಿಡಲಿಲ್ಲ.

"ನೀವು ನನ್ನ ಬಗ್ಗೆ ಯೋಚಿಸ್ತಿದ್ರಿ ಅಂದ್ರಲ್ಲ," ಅವನು ರಸ್ತೆ ನೋಡುತ್ತಲೇ ಹೇಳಿದ. "ಬಸ್ಸಿನ ಕೆಳಗೆ ಮಲಗಿ ನಾನೂ ಅದೇ ಮಾಡ್ತಿದ್ದೆ. ನಿಮ್ಮ ಮಾತು ಕೇಳ್ಸದ ದಿನ ಡಿಪೋನೇ ಖಾಲಿ ಅನ್ಸುತ್ತೆ. ಇದನ್ನ ಹೇಳೋಕೆ ನೀವು ಕೇಳೋವರೆಗೂ ಕಾಯ್ತಾ ಕೂತಿದ್ರೆ ಮುದುಕ ಆಗಿಬಿಡ್ತಿದ್ದೆ."

ಅವಳು ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

"ನನ್ನ ಜೊತೆ ಬಾಳೋದು ಕಷ್ಟ. ಒಂದು ಕಡೆ ಕೂರೋಳಲ್ಲ ನಾನು."

"ಓಡಾಡ್ತಾ ಇರಿ. ನನ್ನ ಜೊತೆ ಇರಿ, ಅಷ್ಟು ಸಾಕು."

"ಇರಿ ಅಂದ್ರೆ ಇರೋದಿಲ್ಲ," ಎಂದಳು, ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಇರು ಅನ್ನು."

ಮೌನಿಯ ಕಿವಿ ಕೆಂಪಾಯಿತು.

"ಇರು," ಅಂದ.

"ಇರ್ತೀನಿ."