ಎದೆಯ ಮೇಲಿನ ಬಿಳಿ ಕಲೆ

"ಮತ್ತ ಬಂದೀನ್ರಿ," ಎಂದಳು ಶಿವಕಾಂತಾ, ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು.

ಔರಾದಿನ ಸಿದ್ದೇಶ್ವರ ಬೀದರಿನ ಈ ಸೆಂಟರಿನಲ್ಲಿ ದಿನವಿಡೀ ಮಂದಿಯ ಎದೆ ನೋಡುವ ಟೆಕ್ನಿಷಿಯನ್. ಅವಳು ಬಂದರೆ ಮಾತ್ರ ಅವನದೇ ಎದೆ ಹಾಳಾದ್ದು ಮಾತು ಕೇಳುತ್ತಿರಲಿಲ್ಲ. ಭಾಲ್ಕಿಯ ಈ ನರ್ಸ್ ರೋಗಿಗಳನ್ನು ಕರೆತಂದಾಗಲೆಲ್ಲ ಅವನನ್ನು ಕಾಡಿಸಿಯೇ ಹೋಗುತ್ತಿದ್ದಳು.

ಈಗ ಅವಳಿಗೆ ಮಸ್ಕತ್ತಿನಲ್ಲಿ ನೌಕರಿ. ಎದೆ ಸ್ವಚ್ಛವಿದೆ ಎಂಬ ಸರ್ಟಿಫಿಕೇಟ್ ಇಲ್ಲದೆ ವೀಸಾ ಇಲ್ಲ. ಹೋದ ವಾರದ ಫೋಟೋದಲ್ಲಿ ಅವಳ ಕೊರಳಲ್ಲಿ ತೂಗುವ ಇಷ್ಟಲಿಂಗದ ಬೆಳ್ಳಿ ಕರಡಿಗೆ ಬಿಳಿ ಕಲೆಯಾಗಿ ಮೂಡಿ, ಡಾಕ್ಟರು ವಾಪಸ್ ಕಳಿಸಿದ್ದರು. ತೆಗೆದಿಡಿ ಎನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ಲಿಂಗ ಮೈಯಿಂದ ಅಗಲಬಾರದು. ಅವನ ಕೊರಳಲ್ಲೂ ಒಂದಿತ್ತು. ಇವತ್ತೂ ಫೋಟೋ ಕೆಟ್ಟರೆ ನೌಕರಿ ಬೇರೆಯವರ ಪಾಲು.

ಕರಡಿಗೆ ಇವತ್ತೂ ಅಲ್ಲೇ ಇತ್ತು.

ಸುಮ್ಮನಿರು, ಇಲ್ಲೇ ಉಳಿಯುತ್ತಾಳೆ, ಎಂದಿತು ಮನಸ್ಸು. ಆದರೆ ಅವಳ ದಾರಿಗೆ ಅಡ್ಡ ನಿಲ್ಲುವಷ್ಟು ಕೆಟ್ಟವನಾಗಲು ಅವನಿಂದಾಗಲಿಲ್ಲ.

"ಲಿಂಗ ಓಢಣಿಲೇ ತಲಿ ಮ್ಯಾಲ ಕಟ್ಕೋರಿ. ಮೈ ಮ್ಯಾಲೇ ಇದ್ದಂಗ ಆಗ್ತದ."

"ಭಾಳ ಶ್ಯಾಣ್ಯಾ ಇದ್ದೀರಿ," ಎಂದು ಓರೆಗಣ್ಣಲ್ಲಿ ನೋಡಿದಳು. ಕರಡಿಗೆಯನ್ನು ದುಪ್ಪಟ್ಟಾದಲ್ಲಿ ಸುತ್ತಿ ತಲೆಗೆ ಕಟ್ಟುವಾಗ ಗಂಟು ಜಾರಿತು. "ಜರಾ ಹಿಡೀರಿ."

ಅವನ ಬೆರಳಿಗೆ ಅವಳ ಕೂದಲು ತಾಗಿತು. ಗಂಟು ಬಿಗಿದು ಅವನು ಯಂತ್ರದ ಬಳಿಗೆ ಸರಿದ.

"ಉಸಿರು ಹಿಡೀರಿ," ಎಂದು ಬಟನ್ ಒತ್ತಿದ. ಫೋಟೋ ನಿಚ್ಚಳವಾಗಿ ಮೂಡಿ, ಡಾಕ್ಟರ ಕಂಪ್ಯೂಟರಿಗೆ ಹೋಗಿಯೂ ಬಿಟ್ಟಿತು.

"ಚಂದ ಬಂದದ. ಇನ್ನ ನಿಮಗ ಯಾರೂ ತಡಿಯಂಗಿಲ್ಲ."

ಅವಳ ಮುಖ ಬಾಡಿತು. "ತಲಿ ಮ್ಯಾಲ ಕಟ್ಟೋದು ನನಗ ಗೊತ್ತಿಲ್ಲೇನ್ರಿ? ನಮ್ಮವ್ವ ಹಂಗೇ ಕಟ್ಕೋತಾಳ. ಹೋಗೂ ಮನಸಿಲ್ಲ ಅಂತ ಅಪ್ಪಗ ಹೇಳಲಾಕ ಆಗ್ಲಿಲ್ಲ. ಫೋಟೋ ಕೆಟ್ಟಿದ್ರ ಉಳೀತಿದ್ದೆ. ನೀವಾದ್ರೂ ಬ್ಯಾಡ ಅಂತೀರಿ ಅಂದ್ಕೊಂಡಿದ್ದೆ."

ಸಿದ್ದೇಶ್ವರನಿಗೆ ತನ್ನ ಒಳ್ಳೆಯತನದ ಮೇಲೇ ಸಿಟ್ಟು ಬಂತು. "ಹೋಗಬ್ಯಾಡ್ರಿ," ಎಂದ. "ನೀವಂದ್ರ ನನಗ ಜೀವ."

"ಈಗ ಹೇಳ್ತೀರಲ್ರಿ," ಎಂದಳು. ಕಣ್ಣು ತುಂಬಿದವು. "ಎರಡು ವರ್ಷದ ನೌಕರಿ ಅದ. ಕಾಯ್ತೀರಿ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಅವಳ ಅಪ್ಪ ಮಲ್ಲಿಕಾರ್ಜುನಪ್ಪ ಪೇಡೆಯ ಡಬ್ಬಿ ಹಿಡಿದು ಬಾಗಿಲು ನೂಕಿಕೊಂಡೇ ಬಂದರು.

"ಫಿಟ್ ಅಂತ ಡಾಕ್ಟರ್ ಹೇಳಿದ್ರು! ನಿಮ್ಮಿಂದೇ ಆತು ನೋಡ್ರಿ, ತಮ್ಮಾ," ಎಂದು ಇಡೀ ಪೇಡೆಯೊಂದನ್ನು ಅವನ ಬಾಯಿಗೆ ತುರುಕಿದರು.

ಬಾಯಿ ತುಂಬ ಪೇಡೆ. ಸಿದ್ದೇಶ್ವರ ಅವಳನ್ನೇ ನೋಡುತ್ತ ಹೌದೆಂದು ತಲೆಯಾಡಿಸಿದ, ಮತ್ತೆ ಮತ್ತೆ ಆಡಿಸಿದ. ಪೇಡೆ ರುಚಿಯಾಗಿದೆ ಎನ್ನುತ್ತಿದ್ದಾನೆಂದು ತಿಳಿದು, ಮಲ್ಲಿಕಾರ್ಜುನಪ್ಪ ಇನ್ನೊಂದನ್ನು ಅವನ ಕೈಗಿಟ್ಟು ಮಗಳನ್ನು ಕರೆದುಕೊಂಡು ಹೋದರು.