ಬಲಗಡೆಯ ಕಾಲಂ

ನಮ್ಮ ಸ್ಟಾಫ್ ರೂಮಿಗೆ ಇದ್ದದ್ದು ಒಂದೇ ಕಿಟಕಿ. ಅದರ ಕೆಳಗಿನ ಮೇಜಿಗೆ ನಾನು, ಅವಳು ಇಬ್ಬರೂ ಹಕ್ಕುದಾರರು. ಮೊದಲ ವರ್ಷದವರಿಗೆ ಕಥೆ, ನಾಟಕಗಳ ಪರಿಭಾಷೆಯ ಕೈಪಿಡಿಯೊಂದನ್ನು ಮಾಡಿಕೊಡಿ ಎಂದು ಪ್ರಿನ್ಸಿಪಾಲರು ಹೇಳಿದ ದಿನವೇ ನಮ್ಮ ಜಗಳ ಶುರುವಾಯಿತು. ‘ಸಂಘರ್ಷ’ ಎಂಬ ಒಂದು ಪದಕ್ಕೇ ನಾಲ್ಕು ದಿನ ಕಿತ್ತಾಡಿದೆವು. ಐದನೆಯ ದಿನ ಅವಳು ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದಳು.

“ಎಡಗಡೆ ನಿಮ್ಮ ವ್ಯಾಖ್ಯೆ, ಬಲಗಡೆ ನನ್ನ ಉದಾಹರಣೆ. ಒಬ್ಬರ ಕಾಲಂಗೆ ಇನ್ನೊಬ್ಬರು ತಲೆ ಹಾಕೋ ಹಾಗಿಲ್ಲ ಮೇಷ್ಟ್ರೇ.”

“ಕಣ್ಣು ಹಾಕಬಹುದಾ ಮೇಡಂ?”

ಅವಳು ತಲೆಯೆತ್ತಲಿಲ್ಲ. ಕೆಂಪು ಪೆನ್ನಿನ ಮುಚ್ಚಳ ಮಾತ್ರ ತುಟಿಯ ಹತ್ತಿರ ಹೋಗಿ ನಿಂತಿತು. ಅದರ ಹಿಂದೆ ನಗುವಿತ್ತು.

ಗೆರೆಯನ್ನು ನಾನು ಮೀರಲಿಲ್ಲ. ಪ್ರೂಫ್ ತಿದ್ದುವಾಗಲೂ ಬಲಗಡೆಯನ್ನು ಹಾಜರಿ ಪುಸ್ತಕದಿಂದ ಮುಚ್ಚಿಟ್ಟುಕೊಳ್ಳುತ್ತಿದ್ದೆ.

ನನಗೊಂದು ಚಟವಿದೆ, ಕಂಡವರ ದನಿ ತೆಗೆದು ಮಾತಾಡುವುದು. ಮೂಗಿನಲ್ಲಿ ಮಾತಾಡುವ ಪ್ರಿನ್ಸಿಪಾಲರು, ಅಲ್ಪವಿರಾಮಕ್ಕೊಂದು ಕೆಮ್ಮು ಹಾಕುವ ಲೈಬ್ರೇರಿಯನ್, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಫೋನ್ ಎತ್ತಿದರೆ ನನ್ನಮ್ಮನೂ, ಇವತ್ತು ಯಾರೋ ನೀನು ಎಂದೇ ಮಾತು ಶುರುಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಪ್ರಿನ್ಸಿಪಾಲರ ಮೂಗಿನಲ್ಲೇ ಹೇಳಿಬಿಟ್ಟೆ: “ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಪಕ್ಕದ ಕುರ್ಚಿಯ ಮೇಷ್ಟ್ರು ತಮ್ಮನ್ನು ಮದುವೆಯಾಗಲು ಇಚ್ಛಿಸಿರುತ್ತಾರೆ.”

ಅವಳು ನಕ್ಕಳು, ಕಣ್ಣೊರೆಸಿಕೊಂಡಳು, ಬೆಲ್ ಆಯಿತೆಂದು ಕ್ಲಾಸಿಗೆ ಹೋದಳು. ನಕ್ಕು ತಳ್ಳಿಹಾಕಿದಳು ಎಂದುಕೊಂಡೆ. ತಿಂಗಳೊಪ್ಪತ್ತಿನಲ್ಲಿ ಅವಳ ದೊಡ್ಡಪ್ಪ ತಂದ ಸಂಬಂಧ ಗಟ್ಟಿಯಾಯಿತು. ವರ ದೂರದ ಊರಿನ ಹಲ್ಲಿನ ಡಾಕ್ಟರು. ನಾನೂ ಹಲ್ಲು ಕಿರಿದೇ ಶುಭ ಹಾರೈಸಿದೆ.

ಕಾಲೇಜಿನಲ್ಲಿ ಅವಳ ಕೊನೆಯ ದಿನ ಬೆಳಿಗ್ಗೆ ಅಚ್ಚಿನ ಮನೆಯಲ್ಲಿ ಟೈಪ್ ಮಾಡುವ ಅಕ್ಕ ಫೋನ್ ಮಾಡಿದರು. ಕಟ್ಟಕಡೆಯ ಪದ ‘ಮುಕ್ತಾಯ’ಕ್ಕೆ ಮೇಡಂ ಉದಾಹರಣೆಯನ್ನೇ ಕೊಟ್ಟಿಲ್ಲವಂತೆ, ನಾನೇ ಒಂದು ಬರೆದುಕೊಡಬೇಕಂತೆ. ಉಳಿದವಕ್ಕೆ ಹೊಂದುವಂತಿರಲಿ ಎಂದು ಮೊದಲ ಸಲ ಹಾಜರಿ ಪುಸ್ತಕ ಸರಿಸಿದೆ.

ಪಾತ್ರ: ‘ಅವನು ಎಲ್ಲರ ಹಾಗೆ ಮಾತಾಡಬಲ್ಲವನು.’

ಸಂಘರ್ಷ: ‘ಅವಳಿಗೆ ಅವನ ಮೇಲೆ ಮನಸ್ಸು, ಅವನ ಆಟದ ಮೇಲೆ ಸಿಟ್ಟು.’

ವ್ಯಂಗ್ಯ: ‘ಮದುವೆಯ ಮಾತನ್ನು ಅವನು ಬೇರೆಯವರ ದನಿಯಲ್ಲಿ ಆಡಿದ. ಅವಳು ನಕ್ಕಳು. ಕಣ್ಣೊರೆಸಿಕೊಂಡದ್ದು ನಗುವಿಗಲ್ಲ.’

ಸ್ವಗತ: ‘ನಿನ್ನ ದನಿಯಲ್ಲಿ ಒಂದೇ ಒಂದು ಸಲ ಕೇಳು.’

ನಾನು ಸ್ಟಾಫ್ ರೂಮಿಗೆ ಹೋದಾಗ ಅವಳು ಕಪಾಟು ಖಾಲಿ ಮಾಡುತ್ತಿದ್ದಳು. ಮೇಜಿನ ಅವಳ ಅರ್ಧದಲ್ಲಿ ಧೂಳಿಲ್ಲದ ಚೌಕಗಳಷ್ಟೇ ಉಳಿದಿದ್ದವು. ನನ್ನ ಕೈಯಲ್ಲಿದ್ದ ಪ್ರೂಫ್ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ಹೋಗ್ಬೇಡಿ,” ಎಂದೆ.

“ಇದು ಯಾರ ದನಿ?”

“ನಂದೇ.”

“ಚೆನ್ನಾಗಿದೆ. ಸ್ವಲ್ಪ ನಡುಗತ್ತೆ, ಅಷ್ಟೇ.” ಪುಸ್ತಕವೊಂದನ್ನು ಚೀಲಕ್ಕೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ಗೆರೆ ಎಳೆದದ್ದು ನಾನೇ. ನೀವು ದಾಟ್ತೀರ ಅಂದ್ಕೊಂಡಿದ್ದೆ. ಎಲ್ಲದರಲ್ಲೂ ತುಂಟತನ ಮಾಡೋರು, ಇದೊಂದರಲ್ಲಿ ಯಾಕೆ ಮೇಷ್ಟ್ರೇ ಅಷ್ಟು ಸಭ್ಯರಾಗಿಬಿಟ್ರಿ?”

ನಾನು ಪ್ರೂಫನ್ನು ಮೇಜಿನ ಮೇಲಿಟ್ಟೆ.

“ಆ ಡಾಕ್ಟರು ನೇರವಾಗಿ ಕೇಳಿದ್ರು. ನಾನೂ ನೇರವಾಗಿ ಹೂಂ ಅಂದೆ. ಅದನ್ನ ವಾಪಸ್ ತಗೊಳ್ಳೋಕೆ ನನ್ನ ಕೈಲಿ ಆಗಲ್ಲ. ಒಳ್ಳೆಯವರು ಅವರು.”

“ಕೊನೇದಕ್ಕೆ ಉದಾಹರಣೆ ಕೊಟ್ಟಿಲ್ಲ ನೀವು.”

“ನಿಮ್ಮ ಕಡೆಯಿಂದ ಬರತ್ತೇನೋ ಅಂತ ಕಾದೆ.” ಕೆಂಪು ಪೆನ್ನನ್ನು ನನ್ನ ಕಡೆಗೆ ಉರುಳಿಸಿದಳು. ಅದು ಮೇಜಿನ ಅಂಚಿಗೆ ಬಂದು ನಿಂತಿತು. “ಈಗ ಖಾಲಿನೇ ಇರಲಿ ಬಿಡಿ.”

ಹಾಗೇ ಅಚ್ಚಾಯಿತು. ಪ್ರತಿ ವರ್ಷ ಯಾರಾದರೊಬ್ಬರು ಕೊನೆಯ ಪುಟ ಹಿಡಿದುಕೊಂಡು ಬಂದು, ಸರ್, ಇಲ್ಲೇನೋ ಬಿಟ್ಟುಹೋಗಿದೆ ಎನ್ನುತ್ತಾರೆ. ಹೌದು, ಬಿಟ್ಟುಹೋಗಿದೆ ಎನ್ನುತ್ತೇನೆ. ಹಿಂದಿನ ಬೆಂಚಿನವರು ಪ್ರಿನ್ಸಿಪಾಲರ ದನಿ ತೆಗೆಯಿರಿ ಎಂದು ಗೋಗರೆಯುತ್ತಾರೆ. ಗಂಟಲು ಕಟ್ಟಿದೆ ಎಂದು ಹೇಳಿ ಪಾಠ ಶುರುಮಾಡುತ್ತೇನೆ.